ಈ ಕ್ವಾರ್ಟರ್‌ನ ನೆಮ್ಮದಿ

ಬೆಂಗಳೂರಿನ ಐಟಿ ಆಫೀಸುಗಳಿಗೆ ಈಗ ನೌಕರರ ಆರೋಗ್ಯದ ಮೇಲೆ ಎಲ್ಲಿಲ್ಲದ ಪ್ರೀತಿ. ರಾತ್ರಿ ಹನ್ನೊಂದಕ್ಕೆ ಎಚ್‌ಆರ್ ಮೇಲ್ ಬರುತ್ತದೆ: 'ನಾಳೆ ಸೆಲ್ಫ್ ಕೇರ್ ಸೆಷನ್. ವಿಷಯ: ಒಳ್ಳೆಯ ನಿದ್ದೆ. ಹಾಜರಿ ಕಡ್ಡಾಯ. ಕ್ಯಾಮೆರಾ ಆನ್ ಇರಲಿ.' ಸೆಷನ್ ಇಡುವುದು ಊಟದ ಹೊತ್ತಿಗೆ. ಕೆಲಸದ ಹೊತ್ತು ಹಾಳಾಗಬಾರದಲ್ಲ! ಆ ಕಡೆ ತಜ್ಞರು 'ನಿಧಾನವಾಗಿ ಜಗಿದು ತಿನ್ನಿ' ಅನ್ನುತ್ತಿರುತ್ತಾರೆ. ಈ ಕಡೆ ಮೈಕ್ ಮ್ಯೂಟ್ ಮಾಡಿಕೊಂಡವರು ಚಿತ್ರಾನ್ನ ಗಬಗಬ ನುಂಗುತ್ತಿರುತ್ತಾರೆ. ಮುಗಿದ ಮೇಲೆ ಫೀಡ್‌ಬ್ಯಾಕ್ ಫಾರ್ಮ್. ತುಂಬದಿದ್ದರೆ ಮ್ಯಾನೇಜರ್‌ಗೆ ಕಾಪಿ ಹಾಕಿ ಇನ್ನೊಂದು ಮೇಲ್.

ಸೆಲ್ಫ್ ಕೇರ್‌ಗೂ ಒಂದು ದಿನ ಇದೆ, ಜುಲೈ 24. ದಿನದ 24 ಗಂಟೆ, ವಾರದ 7 ದಿನವೂ ನಿಮ್ಮನ್ನು ನೀವು ನೋಡಿಕೊಳ್ಳಿ ಅಂತ 24/7 ಆರಿಸಿದ್ದು. ನಮ್ಮವರು ಅದನ್ನು ಶಿಫ್ಟ್ ಟೈಮಿಂಗ್ ಅಂದುಕೊಂಡರೋ ಏನೋ. 2024ರಲ್ಲಿ ಸರಿಯಾಗಿ ಅದೇ ದಿನಗಳಲ್ಲಿ ಕರ್ನಾಟಕದಲ್ಲಿ ಸುದ್ದಿಯಾಗಿದ್ದು ಐಟಿಯವರನ್ನು ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ! 12 ಗಂಟೆ ಕೆಲಸ, ಮೇಲೆ 2 ಗಂಟೆ ಓವರ್‌ಟೈಮ್. ನೌಕರರ ಸಂಘದವರು ಸುಮ್ನೆ ಗಲಾಟೆ ಮಾಡಿದರು. ಉಳಿದ 10 ಗಂಟೆ ಪೂರ್ತಿ ನಮ್ಮದೇ ಅಲ್ವಾ? ಔಟರ್ ರಿಂಗ್ ರೋಡಿಗೆ 3 ಕೊಟ್ಟರೂ 7 ಮಿಗುತ್ತದೆ. ನಿದ್ದೆ ಮಾಡಿ, ಧ್ಯಾನ ಮಾಡಿ, ಮಗ ಈಗ ಯಾವ ಕ್ಲಾಸು ಅಂತ ಕೇಳಿ ತಿಳಿದುಕೊಳ್ಳಿ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ಲೆಕ್ಕ ಕೊಟ್ಟಿದ್ದವು. ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ. ನಮ್ಮ ಹಿರಿಯರು ಇದಕ್ಕೆಲ್ಲ ಹೆದರುವವರಲ್ಲ. 2023ರಲ್ಲಿ ನಾರಾಯಣ ಮೂರ್ತಿಯವರು 70 ಗಂಟೆ ಅಂದರು. 2025ರಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು. ಹರಾಜು ಇನ್ನೂ ಮುಗಿದಂತಿಲ್ಲ.

ಈ 55ರ ಲೆಕ್ಕ ಸೆಷನ್‌ನ ಸ್ಲೈಡಿನಲ್ಲಿ ಮಾತ್ರ ಕಾಣುವುದಿಲ್ಲ. ಅಲ್ಲಿರುವುದು 'ನೀರು ಜಾಸ್ತಿ ಕುಡಿಯಿರಿ'. ನಿದ್ದೆ, ನಡಿಗೆ, ಗೆಳೆಯರ ಜೊತೆ ಹರಟೆ ಮನಸ್ಸಿಗೆ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಇವಕ್ಕೆ ಧ್ಯಾನ, ಉಸಿರಾಟ ಕಲಿಸುವ ಆ್ಯಪ್ ಬೇಡ, ಸಂಜೆ ಆರಕ್ಕೆ ಮನೆಗೆ ಬಿಟ್ಟರೆ ಸಾಕು. ಆದರೆ ಆ್ಯಪ್ ಕೊಡುವುದು ಸಲೀಸು. ಆಮೇಲೂ ನೀವು ಸುಸ್ತಾದರೆ ತಪ್ಪು ನಿಮ್ಮದೇ, ಉಸಿರಾಟ ಸರಿಯಾಗಿ ಮಾಡಿಲ್ಲ.

ಇನ್ನು ಬಾಕಿ ಇರುವುದು ಅಪ್ರೈಸಲ್ ಒಂದೇ. 'ಈ ಕ್ವಾರ್ಟರ್‌ನಲ್ಲಿ ನಿಮ್ಮ ನೆಮ್ಮದಿ ಟಾರ್ಗೆಟ್ ಮುಟ್ಟಿಲ್ಲ. ಶನಿವಾರ, ಭಾನುವಾರ ಬಂದು ಕವರ್ ಮಾಡಿ.'