ಬೋರ್ಡಿನ ಹಿಂದಿನ ಬೋರ್ಡು

ಮುಂಬಯಿಯಲ್ಲಿ ಬ್ಯಾಂಕ್ ನೌಕರಿ ಮಾಡುತ್ತ ಅರ್ಧ ಆಯುಷ್ಯ ಕಳೆದ ಮೈಸೂರಿನವನಾದ ನನಗೆ ಫೋರ್ಟಿನ ಬೋರಾ ಬಜಾರಿನಲ್ಲಿ ಕನ್ನಡ ಓದಲು ಸಿಕ್ಕಿದ್ದು ಒಂದು ಚಂಡಮಾರುತದ ದಯೆಯಿಂದ. 2021ರ ಮೇ 17ರಂದು ತೌಕ್ತೆ ಬಂದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಲಾಕ್‌ಡೌನ್ ಇದ್ದರೂ ಬ್ಯಾಂಕಿನವರಿಗೆ ರಜೆ ಇರಲಿಲ್ಲ. ಗಾಳಿ ಅಡಗಿದ ಮೇಲೆ ಕಚೇರಿಗೆ ಹೊರಟವನು ನೋಡುತ್ತೇನೆ, ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವ ಅಂಗಡಿಯ ಫ್ಲೆಕ್ಸ್ ಚೌಕಟ್ಟಿನ ಸಮೇತ ಕಿತ್ತು ರಸ್ತೆಗೆ ಬಿದ್ದಿದೆ. ಅದರ ಹಿಂದಿದ್ದ ಟೈಪಿಂಗ್ ಕ್ಲಾಸಿನ ತಗಡಿನ ಬೋರ್ಡು ಒಂದೇ ಮೊಳೆಯಲ್ಲಿ ನೇತಾಡುತ್ತಿದೆ. ಅದರ ಹಿಂದೆ, ಗೋಡೆಯ ಗಾರೆಯಲ್ಲೇ ಉಬ್ಬಿಸಿದ ಅಕ್ಷರಗಳು. ಮೇಲೆ ಇಂಗ್ಲಿಷ್, ನಡುವೆ ಮರಾಠಿ, ಕೆಳಗೆ ಚಿಕ್ಕದಾಗಿ ಕನ್ನಡದಲ್ಲಿ ‘...ವಿಲಾಸ ಹಿಂದೂ ಹೋಟೆಲ್’. ಮೊದಲಿನ ಅಕ್ಷರಗಳನ್ನು ಯಾರೋ ಪುಣ್ಯಾತ್ಮರು ಏ.ಸಿ. ಕೂರಿಸುವಾಗ ಒಡೆದಿದ್ದರು.

ಅಂಗಡಿಯ ಗುಜರಾತಿ ಶೇಟ್ ಮಾಸ್ಕನ್ನು ಗದ್ದಕ್ಕೆ ಇಳಿಸಿ ನಕ್ಕರು. “ಅಣ್ಣಾ, ಇದು ನಿಮ್ಮವರದೇ. ನಮ್ಮ ತಂದೆ ಬೆಳಿಗ್ಗೆ ಇಲ್ಲೇ ಕಾಫಿ ಕುಡಿಯುತ್ತಿದ್ದರು.” ಉಡುಪಿ ಕಡೆಯ ಹುಡುಗರು ಮಾಳಿಗೆಯಲ್ಲಿ ಮಲಗುತ್ತಿದ್ದರಂತೆ. ಸಂಜೆ ಲೋಟ ತೊಳೆದಿಟ್ಟು, ಪುಸ್ತಕ ಹಿಡಿದು ರಾತ್ರಿಶಾಲೆಗೆ ಓಡುತ್ತಿದ್ದರಂತೆ. ಹಿಂದಿನ ಕೋಣೆಗೆ ಕರೆದು ತೋರಿಸಿದರು. ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ ಒರಳುಕಲ್ಲು ಹಾಗೆಯೇ ಇದೆ. ಗುಂಡುಕಲ್ಲು ಮಾತ್ರ ಇಲ್ಲ. ಅದರ ಮೇಲೊಂದು ಹಲಗೆ ಹಾಕಿ ಲ್ಯಾಮಿನೇಶನ್ ಯಂತ್ರ ಇಟ್ಟಿದ್ದಾರೆ. ಕಲ್ಲನ್ನು ಕೀಳಿಸಲು ಕೂಲಿ ಯಾರು ಕೊಡುತ್ತಾರೆ ಎಂಬುದು ಅವರ ಪ್ರಶ್ನೆ.

ಈ ಊರಿನ ಗುಟ್ಟೆಲ್ಲ ಆ ಪ್ರಶ್ನೆಯಲ್ಲೇ ಇದೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಇಲ್ಲಿನ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ಹಿಡಿದು ನಿಲ್ಲಿಸಿತು. ಪಗಡಿ ಎಂಬ ದೊಡ್ಡ ಗಂಟನ್ನು ಮೊದಲೇ ಕೊಟ್ಟು ಒಳಗೆ ಬಂದ ಬಾಡಿಗೆದಾರ ಬಿಡುವುದಿಲ್ಲ, ಪುಡಿಗಾಸು ಪಡೆಯುವ ಮಾಲೀಕ ರಿಪೇರಿ ಮಾಡಿಸುವುದಿಲ್ಲ. ಹೊಸಬ ಬಂದರೆ ಹಳೆಯ ಬೋರ್ಡಿನ ಮೇಲೆ ತನ್ನದೊಂದನ್ನು ಹೊಡೆದು ವ್ಯಾಪಾರಕ್ಕೆ ಕೂರುತ್ತಾನೆ. ಹೀಗೆ ಪದರದ ಮೇಲೆ ಪದರ. ಯಾವ ಪರಂಪರಾ ಸಮಿತಿಯೂ ಮಾಡದ ಕೆಲಸವನ್ನು ಸೋಮಾರಿತನ ಮತ್ತು ಜಿಪುಣತನ ಸೇರಿ ಮಾಡಿವೆ.

ದೊಡ್ಡ ಪ್ರಮಾಣದಲ್ಲಿ ಇದೇ ನಡೆದದ್ದು ಕಾಲಾ ಘೋಡಾ ಬಳಿಯ ಎಸ್ಪ್ಲನೇಡ್ ಮ್ಯಾನ್ಷನ್ನಿನಲ್ಲಿ. ಅಫಿಡವಿಟ್ ಮಾಡಿಸಲು ಅಲ್ಲಿಗೆ ಹೋಗುತ್ತಿದ್ದೆ. ಕತ್ತಲೆಯ ಮೆಟ್ಟಿಲು, ಪ್ಲೈವುಡ್ ಅಡ್ಡಗೋಡೆ, ವಕೀಲರ ಗೂಡುಗಳು, ಜೆರಾಕ್ಸ್ ಯಂತ್ರದ ಬಿಸಿ. ಅದೊಂದು ಹಾಳು ಆಫೀಸು ಕಟ್ಟಡ ಎಂದೇ ತಿಳಿದಿದ್ದೆ. 2005ರ ಮಳೆಗಾಲದಲ್ಲಿ ಅದರ ಬಾಲ್ಕನಿಗಳು ಕುಸಿದು ಒಬ್ಬರು ಸತ್ತರು, ಕೆಳಗೆ ನಿಂತಿದ್ದ ವಾಹನಗಳು ಜಜ್ಜಿಹೋದವು. ಅದು 1871ರಲ್ಲಿ ಬಾಗಿಲು ತೆರೆದ ವಾಟ್ಸನ್ಸ್ ಹೋಟೆಲ್ ಎಂದು ನನ್ನಂಥವರಿಗೆ ತಿಳಿದದ್ದು ಆಮೇಲೆ. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ, ತೊಲೆಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದರು. 1896ರ ಜುಲೈ 7ರಂದು ಲೂಮಿಯೆರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಬಾರಿಗೆ ತೋರಿಸಿದ್ದು ಅದೇ ಕಟ್ಟಡದಲ್ಲಿ. ನಾನು ಅಲ್ಲಿ ನಿಂತು ಸ್ಟ್ಯಾಂಪ್ ಪೇಪರಿನ ಬೆಲೆಗೆ ಚೌಕಾಸಿ ಮಾಡುತ್ತಿದ್ದೆ.

ಇನ್ನು ನಮ್ಮ ಕಡೆಗೆ ಬನ್ನಿ. ಬೆಂಗಳೂರಿನಲ್ಲಿ ಗಾಳಿ ಬೀಸಿದರೆ ಏನು ಸಿಗುತ್ತದೆ? ತಂಗಿಯ ಮನೆಯ ಹತ್ತಿರ ಒಮ್ಮೆ ಬೇಸಿಗೆ ಮಳೆಗೆ ವಾಣಿಜ್ಯ ಸಂಕೀರ್ಣವೊಂದರ ಹೊಳೆಯುವ ಅಲ್ಯೂಮಿನಿಯಂ ಹಾಳೆಗಳು ಹಾರಿಹೋದವು. ಒಳಗಿದ್ದದ್ದು ಸಿಮೆಂಟ್ ಇಟ್ಟಿಗೆ, ಸಾರಣೆಯೂ ಇಲ್ಲದ್ದು. ಪ್ಲಾಜಾ ಚಿತ್ರಮಂದಿರದ ಜಾಗದಲ್ಲಿ ಮೆಟ್ರೋ ನಿಲ್ದಾಣ, ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲಿನ ಜಾಗದಲ್ಲಿ ಮಾಲ್. ಕಪಾಲಿ ಚಿತ್ರಮಂದಿರವನ್ನೂ ಕೆಡವಿಯಾಯಿತು. ನಾವು ಬೋರ್ಡಿನ ಮೇಲೆ ಬೋರ್ಡು ಹೊಡೆಯುವವರಲ್ಲ. ಪಾಯದವರೆಗೆ ಅಗೆದು, ವಾಸ್ತು ನೋಡಿಸಿ, ಹೊಸದಾಗಿ ಎಬ್ಬಿಸುವವರು. ಆಮೇಲೆ ಅದೇ ಜಾಗದ ಕಪ್ಪು-ಬಿಳುಪು ಫೋಟೋವನ್ನು ಕೆಫೆಯ ಗೋಡೆಗೆ ತೂಗುಹಾಕಿ ಫಿಲ್ಟರ್ ಕಾಫಿಗೆ ದುಪ್ಪಟ್ಟು ಬೆಲೆ ಕೇಳುವವರೂ ನಾವೇ.

ಮೈಸೂರಾದರೂ ಬೇರೆ ಎಂದುಕೊಂಡಿದ್ದೆ. ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲೇ ನನ್ನ ಕಾಲೇಜು ಮುಗಿದದ್ದು. 1892ರ ಆ ಕಟ್ಟಡದ ಭಾಗವೊಂದು 2012ರ ಆಗಸ್ಟಿನಲ್ಲಿ ಕುಸಿಯಿತು. 2016ರ ಆಗಸ್ಟಿನಲ್ಲಿ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಸಲ ಧೂಳು ಕೂರುವ ಮೊದಲೇ ಎದ್ದ ಮಾತು ಒಂದೇ: ಪೂರ್ತಿ ಕೆಡವಿ, ಅದೇ ಮಾದರಿಯಲ್ಲಿ ಹೊಸದು ಕಟ್ಟೋಣ. ಅದೇ ಮಾದರಿಯಂತೆ! ಸುಣ್ಣದ ಗಾರೆಯನ್ನು ಕಾಂಕ್ರೀಟಿನಲ್ಲಿ ಅಚ್ಚು ಹೊಯ್ದು, ಮೇಲೆ ಹಳದಿ ಬಣ್ಣ ಬಳಿದರೆ ಮುಗಿಯಿತು.

ಇದನ್ನೆಲ್ಲ ಫೋನಿನಲ್ಲಿ ಭಾವನವರ ಮುಂದೆ ಕಾರಿಕೊಂಡಾಗ ಅವರು ಸಮಾಧಾನವಾಗಿ ಕೇಳಿಸಿಕೊಂಡು, “ಲ್ಯಾನ್ಸ್‌ಡೌನ್ ಬಿದ್ದಾಗ ನಾಲ್ಕು ಜನ ಸತ್ತರಲ್ಲ, ಅದನ್ನು ಹೇಳಲೇ ಇಲ್ಲ ನೀನು. ನಿಮ್ಮ ಮುಂಬಯಿಯಲ್ಲಿ ಎಷ್ಟು ಜನ ಸಾಯುತ್ತಾರೆ ಅದನ್ನಾದರೂ ಹೇಳು” ಎಂದರು.

ಹೇಳಬೇಕು, ಒಲ್ಲದ ಮನಸ್ಸಿನಿಂದಲಾದರೂ. 2017ರ ಆಗಸ್ಟಿನಲ್ಲಿ ಭೇಂಡಿ ಬಜಾರಿನ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಹೋದರು. 2019ರ ಜುಲೈನಲ್ಲಿ ಡೋಂಗ್ರಿಯಲ್ಲಿ ಮತ್ತೆ ಹತ್ತಕ್ಕೂ ಹೆಚ್ಚು. ಪ್ರತಿ ಮಳೆಗಾಲಕ್ಕೆ ಮುಂಚೆ ಸರ್ಕಾರದ ವಸತಿ ಪ್ರಾಧಿಕಾರವಾದ ಮ್ಹಾಡಾ ಅಪಾಯದ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ, ಜನ ಓದುತ್ತಾರೆ, ಅಲ್ಲೇ ಮಲಗುತ್ತಾರೆ. ಬಿಟ್ಟು ಹೋದರೆ ಮತ್ತೆ ಒಳಗೆ ಬರುತ್ತೇವೆ ಎಂಬ ಭರವಸೆ ಯಾರಿಗೂ ಇಲ್ಲ. ವಾಟ್ಸನ್ಸ್ ಕಟ್ಟಡವನ್ನು 2019ರಲ್ಲಿ ಖಾಲಿ ಮಾಡಿಸಿದರು. ಅಷ್ಟು ವರ್ಷ ಅದನ್ನು ಉಳಿಸಿದ್ದು ಪ್ರೀತಿಯಲ್ಲ, ವ್ಯಾಜ್ಯ. ನಮ್ಮಲ್ಲೂ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಲೇ ಇದೆ, ಯಾವ ಬಾಡಿಗೆ ಕಾಯಿದೆಯ ಹಂಗಿಲ್ಲದೆ. ಇದನ್ನೂ ಭಾವನವರೇ ನೆನಪಿಸಿದ್ದು.

ಆದರೂ ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ನಾನು ಸೋಲೊಪ್ಪಿಲ್ಲ. ಬಿದ್ದದ್ದು ಒಂದು ಭಾಗ. ಉಳಿದದ್ದರ ಸೂರು ಸೋರುವುದು ನಗರಪಾಲಿಕೆಗೆ ನಿನ್ನೆ ಮೊನ್ನೆ ಗೊತ್ತಾದ ಸುದ್ದಿಯಲ್ಲ. ಬಾಡಿಗೆ ಎತ್ತುವವರು ಹೆಂಚು ಬದಲಿಸುವ ಲೆಕ್ಕವನ್ನೂ ತೋರಿಸಲಿ, ಕೆಡವುವ ಮಾತು ಆಮೇಲೆ. ಭಾವನವರು ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.