ಲಾಂಡ್ರಿ ಹಿಂದಿನ ಭಟ್ಟಿ

ಮೊನ್ನೆ ಶನಿವಾರ ಅಕ್ಕನ ಮಗ ನನ್ನನ್ನು ಇಂದಿರಾನಗರಕ್ಕೆ ಎಳೆದುಕೊಂಡು ಹೋದ. "ಮಾಮ, ಒಂದು ಬಾರ್ ಇದೆ, ಯಾರಿಗೂ ಗೊತ್ತಿಲ್ಲ" ಅಂದ. ಹೋಗಿ ನೋಡಿದರೆ ಲಾಂಡ್ರಿ. ಒಂದು ಇಸ್ತ್ರಿ ಪೆಟ್ಟಿಗೆ, ಹ್ಯಾಂಗರಿನಲ್ಲಿ ನಾಲ್ಕು ಶರ್ಟು. ಇವನು ಶರ್ಟು ಸರಿಸಿದ. ಹಿಂದೆ ಬಾಗಿಲು. ಅಲ್ಲಿ ನಿಂತಿದ್ದ ಹುಡುಗ ಪಾಸ್‌ವರ್ಡ್ ಕೇಳಿದ. ಅದನ್ನು ಅವರೇ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದರು. ಯಾರಿಗೂ ಗೊತ್ತಿಲ್ಲದ ಆ ಜಾಗದಲ್ಲಿ ಕುರ್ಚಿ ಸಿಗಲು ಮುಕ್ಕಾಲು ಗಂಟೆ ಕಾದೆವು.

ಇದಕ್ಕೆ ಸ್ಪೀಕ್‌ಈಸಿ ಅನ್ನುತ್ತಾರಂತೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತಲ್ಲ, ಆಗ ಪೊಲೀಸರ ಕಣ್ಣು ತಪ್ಪಿಸಿ ಕುಡಿಯುತ್ತಿದ್ದ ಗುಟ್ಟಿನ ಅಡ್ಡೆಗಳ ಹೆಸರು ಅದು. ಇಲ್ಲಿ ನೋಡಿದರೆ ಅಬಕಾರಿ ಲೈಸೆನ್ಸಿಗೆ ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ಇನ್ನು ಬಚ್ಚಿಟ್ಟುಕೊಳ್ಳೋದು ಯಾರಿಂದ?

ಗುಟ್ಟಿನ ಬಾಗಿಲು ನನಗೇನೂ ಹೊಸದಲ್ಲ. ನಮ್ಮೂರಲ್ಲೂ ಒಂದಿತ್ತು. ದನದ ಕೊಟ್ಟಿಗೆ ದಾಟಿ, ಹುಲ್ಲಿನ ಬಣವೆ ಸುತ್ತಿಕೊಂಡು ಹೋಗಬೇಕು. ಎರಡು ಸಲ ಕೆಮ್ಮಿದರೆ ಬಾಗಿಲು ತೆಗೆಯುತ್ತಿದ್ದರು. ಮೂರು ಸಲ ಕೆಮ್ಮಿದರೆ ಜೀಪು ಬಂತು ಅಂತ ಲೆಕ್ಕ.

ಮೆನು ಕೈಗೆ ಬಂತು. ಕತ್ತಲಲ್ಲಿ ಓದಲಾಗದೆ ಮೊಬೈಲ್ ಟಾರ್ಚ್ ಹಾಕಿಕೊಂಡೆ. "ಸ್ಮಾಲ್ ಬ್ಯಾಚ್" ಅಂದರೇನಪ್ಪ ಅಂದೆ. "ಇದು ದೊಡ್ಡ ಫ್ಯಾಕ್ಟರಿ ಮಾಲಲ್ಲ ಸಾರ್. ಸಣ್ಣ ಭಟ್ಟಿಯಲ್ಲಿ, ಸ್ವಲ್ಪ ಸ್ವಲ್ಪಾನೇ ಇಳಿಸ್ತಾರೆ" ಅಂದ ಮೆನು ಕೊಟ್ಟ ಹುಡುಗ. ಸಣ್ಣ ಭಟ್ಟಿ! ನಮ್ಮೂರಿನ ಅಜ್ಜನೂ ಸ್ವಲ್ಪ ಸ್ವಲ್ಪಾನೇ ಇಳಿಸುತ್ತಿದ್ದ. ಬೆಲ್ಲ, ಜಾಲಿ ಚಕ್ಕೆ, ತಿಪ್ಪೆಯಲ್ಲಿ ಹೂತಿಟ್ಟ ಮಡಕೆ. ಬಾಟ್ಲಿ ಮೇಲೆ ಚೀಟಿ ಇರಲಿಲ್ಲ. ಅಬಕಾರಿಯವರು ಬಂದು "ಬೆಲ್ಲದ ಕೊಳೆ ನಾಶ" ಅಂತ ಬರೆದುಕೊಂಡು ಮಡಕೆ ಒಡೆದು ಹೋಗುತ್ತಿದ್ದರು. ಚೀಟಿ ಅಂಟಿಸಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಸಿದ್ದರೆ ಅಜ್ಜನೂ ಬಚಾವಾಗುತ್ತಿದ್ದನೋ ಏನೋ.

ಮುಂದಿನ ಸಾಲಿನಲ್ಲಿ "ದಖ್ಖನ್ ಪ್ರಸ್ಥಭೂಮಿಯ ಕಾಡು ಅಗೇವ್" ಅಂತಿತ್ತು. ಹೊಲದ ಬದುವಿನ ಕತ್ತಾಳೆ ಕಣ್ರೀ! ದನ ನುಗ್ಗದಿರಲಿ ಅಂತ ನೆಟ್ಟಿದ್ದು. ಅದರ ಕೆಳಗೆ "ಮಹುವಾ", ಅಂದರೆ ಹಿಪ್ಪೆ ಹೂವು. ಗೋವಾದವರೇ ವಾಸಿ. ತಮ್ಮ ಗೇರು ಹಣ್ಣಿನ ಫೆನಿಯನ್ನು ಫೆನಿ ಅಂತಲೇ ಕರೆದು, 2009ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು, ತಗೊಂಡು ಕೂತರು.

ನಾವು 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದೆವು. ಬಡವರ ಮನೆ ಹಾಳಾಗುತ್ತಿದೆ ಅಂತ. ಹಾಳಾಗುತ್ತಿದ್ದದ್ದು ನಿಜ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಅಜ್ಜನ ಮಡಕೆಗೆ ನಾನು ಆರತಿ ಎತ್ತುತ್ತಿಲ್ಲ. ಆದರೆ ಸಾರಾಯಿ ಬಿಟ್ಟವನು ಎಲ್ಲಿಗೆ ಹೋದ? ವೈನ್ಸ್ ಅಂತ ಬೋರ್ಡ್ ಇರುವ, ವೈನ್ ಕೇಳಿದರೆ ನಗುವ ಅಂಗಡಿಗೆ. ಈಗ 90 ಎಂ.ಎಲ್. ಟೆಟ್ರಾ ಪ್ಯಾಕನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತಾನೆ. ಅವನನ್ನು ನಂಬಿ ಸರ್ಕಾರ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಬಜೆಟ್ಟಿನಲ್ಲಿ ಬರೆದುಕೊಂಡಿತು. ಅದೇ ಸರ್ಕಾರದ ಕೈಕೆಳಗೆ ಮದ್ಯಪಾನ ಸಂಯಮ ಮಂಡಳಿ ಅಂತಲೂ ಒಂದಿದೆ. ಇಬ್ಬರೂ ಗುರಿ ಮುಟ್ಟಿಬಿಟ್ಟರೆ ಏನು ಗತಿ ಅಂತ ಒಮ್ಮೊಮ್ಮೆ ದಿಗಿಲಾಗುತ್ತೆ.

ಅಷ್ಟರಲ್ಲಿ ನನ್ನ ಡ್ರಿಂಕ್ ಬಂತು. ಸಾರಿನ ಕಾಕ್‌ಟೇಲ್, 950 ರೂಪಾಯಿ. ಗಾಜಿನ ಗುಮ್ಮಟ ಎತ್ತಿದಾಗ ಸಾಂಬ್ರಾಣಿ ಹಾಕಿದಂತೆ ಹೊಗೆ ಎದ್ದಿತು. ಕೈ ಮುಗಿಯಲು ಹೋಗಿ ತಡೆದುಕೊಂಡೆ. ಹುಡುಗ ಒಂದು ಎಸಳು ಕರಿಬೇವನ್ನು ಅಂಗೈಯಲ್ಲಿಟ್ಟು ಪಟ್ ಅಂತ ಹೊಡೆದ. "ಘಮ ಬಿಡಲಿ ಅಂತ ಸಾರ್." ತರಕಾರಿಯವಳು ಕೊಸರಿಗೆ ಕೊಡುವ ಸೊಪ್ಪು ಅದು, ಅದಕ್ಕೂ ಏಟು. ಲೋಟದ ತುಂಬ ಸೋಪಿನ ಬಿಲ್ಲೆಯಷ್ಟು ದೊಡ್ಡ ಐಸು. ಅದರ ಸುತ್ತ 45 ಎಂ.ಎಲ್. ಜಿನ್ನು, ಹುಣಸೆ, ಮೆಣಸು. ಕುಡಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಅನ್ನ ಇದ್ದಿದ್ದರೆ ಇನ್ನೂ ಚೆನ್ನಾಗಿರೋದು.

"ಹೆಂಗಿದೆ ಮಾಮ?" ಅಂದ. "ಉಪ್ಪು ಒಂಚೂರು ಕಮ್ಮಿ" ಅಂದೆ.

ಶರ್ಟುಗಳ ನಡುವಿಂದ ನುಸುಳಿ ಹೊರಗೆ ಬಂದಾಗ ರಾತ್ರಿ ಹನ್ನೆರಡು. ಆಟೋದವನು ನಮ್ಮನ್ನೂ ಲಾಂಡ್ರಿಯನ್ನೂ ನೋಡಿದ. "ಈ ಹೊತ್ತಲ್ಲಿ ಇಸ್ತ್ರಿಗೆ ಕೊಡೋಕೆ ಬಂದಿದ್ರಾ ಸಾರ್?"

"ಹೂಂನಪ್ಪ."

"ಎಷ್ಟು ತಗೋತಾರೆ?"

"ಒಂದಕ್ಕೆ 950."

ಅವನು ಮೀಟರ್ ಕಡೆ ನೋಡಿದ, ನನ್ನ ಕಡೆ ನೋಡಿದ. "ಒನ್ ಅಂಡ್ ಹಾಫ್ ಕೊಟ್ಬಿಡಿ ಸಾರ್" ಅಂದ.