ಮೊಳೆ ಪೆಟ್ಟಿಗೆಯನ್ನು ರಾತ್ರೋರಾತ್ರಿ ಯಾರೂ ಕಲಕುತ್ತಿರಲಿಲ್ಲ

ಮೊನ್ನೆ ರಾತ್ರಿ ಹತ್ತು ಗಂಟೆಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ನನ್ನ ಡಿಟಿಪಿ ಸೆಂಟರಿನಲ್ಲಿ ಐದು ಜನ ಕುಳಿತಿದ್ದೆವು. ಉಡುಪಿ ಹತ್ತಿರದ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಸಿದ್ಧವಾಗುತ್ತಿತ್ತು. ಆಡಳಿತ ಮೊಕ್ತೇಸರರು, ಸಮಿತಿಯ ಇಬ್ಬರು, ಸೆಟ್ಟಿಂಗ್ ಮಾಡುವ ಅಕ್ಕ ಮತ್ತು ನಾನು. ಪ್ರೂಫ್ ಮೂರು ಸಲ ತಿದ್ದಿ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿಗೆ ಕಳುಹಿಸಬೇಕು. ಒಂದು ಹೆಸರಿನ ಹಿಂದೆ ‘ಶ್ರೀಮತಿ’ ಸೇರಿಸುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು, ಹಳೆಯ ಯುಪಿಎಸ್ ಹಿಡಿಯಲಿಲ್ಲ. ಐದು ನಿಮಿಷದಲ್ಲಿ ಕರೆಂಟ್ ಬಂತು. ಆದರೆ ಕಂಪ್ಯೂಟರ್ ಮತ್ತೆ ಏಳುವಾಗ, ಎಷ್ಟು ದಿನದಿಂದ ಕಾದಿತ್ತೋ ಏನೋ, ಒಂದು ದೊಡ್ಡ ಅಪ್‌ಡೇಟ್ ಎದ್ದು ಕುಳಿತಿತು. ‘ಆಫ್ ಮಾಡಬೇಡಿ’ ಎಂಬ ಸಾಲನ್ನು ನೋಡುತ್ತ ಐವರೂ ನಲವತ್ತು ನಿಮಿಷ ಕಳೆದೆವು.

ಪರದೆ ತೆರೆದಾಗ ಅದು ನಮ್ಮ ಕಂಪ್ಯೂಟರಿನ ಹಾಗೆ ಇರಲಿಲ್ಲ. ಕೆಳಗಿನ ಪಟ್ಟಿಯಲ್ಲಿದ್ದ ಗುರುತುಗಳು ಜಾಗ ಬಿಟ್ಟಿದ್ದವು. ಪ್ರಿಂಟರಿನ ಹೊಂದಾಣಿಕೆ (ಸೆಟ್ಟಿಂಗ್ಸ್) ಇದ್ದ ಕಡೆ ಇರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಪತ್ರಿಕೆಯಲ್ಲಿ ಬಳಸಿದ್ದ ಒಂದು ಕನ್ನಡ ಫಾಂಟ್ ಕಾಣೆಯಾಗಿತ್ತು. ಅದರ ಬದಲಿಗೆ ಬೇರೊಂದು ಅಕ್ಷರ ಬಂದು ಕುಳಿತು ಸಾಲುಗಳೆಲ್ಲ ಹಿಗ್ಗಿದ್ದವು. ಎರಡನೆಯ ಕಾಲಂನ ಕೊನೆಯಲ್ಲಿದ್ದ, ಊರಿನ ಹಿರಿಯ ಮನೆತನವಾದ ಗುತ್ತಿನ ಮನೆಯ ಯಜಮಾನರ ಹೆಸರು ಮುಂದಿನ ಪುಟಕ್ಕೆ ಜಾರಿತ್ತು. ನಮ್ಮ ಊರಿನ ದೇವಸ್ಥಾನದ ಪತ್ರಿಕೆಯಲ್ಲಿ ಯಾರ ಹೆಸರಿನ ಕೆಳಗೆ ಯಾರ ಹೆಸರು ಬರಬೇಕು ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂದು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಕೆಲಸ ಮುಗಿದದ್ದು ಬೆಳಗಿನ ಮೂರು ಗಂಟೆಗೆ. ಅದೇನೂ ದೊಡ್ಡ ಮಾತಲ್ಲ, ಸೀಸನ್ನಿನಲ್ಲಿ ನಾವು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇವೆ. ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ನಡುವೆ ಅಕ್ಕ ಹೇಳಿದ ಒಂದು ಮಾತು. ಮೌಸ್ ಬಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವರು ಮೆಲ್ಲನೆ ಕೇಳಿದರು: “ಅಣ್ಣ, ನನಗೆ ಕೆಲಸ ಮರೆತುಹೋಗುತ್ತಿದೆಯೇ?”

ಹದಿನಾರು ವರ್ಷಗಳಿಂದ ಈ ಕೆಲಸ ಮಾಡುತ್ತಿರುವವರು ಅವರು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಏನು ಕೊಟ್ಟರೂ ಪರದೆಯ ಕಡೆ ಅರ್ಧ ಗಮನ ಇಟ್ಟು, ಮುಂದೆ ನಿಂತ ಗಿರಾಕಿಯೊಡನೆ ಮಾತನಾಡುತ್ತಲೇ ಮುಗಿಸಬಲ್ಲರು. ಚಿಕ್ಕಂದಿನಲ್ಲಿ ತಾಯಿಯ ಜೊತೆ ಬೀಡಿ ಕಟ್ಟಿದವರು. ಆ ಗೆರಸೆಯಲ್ಲಿ ಎಲೆ ಎಲ್ಲಿ, ಹೊಗೆಸೊಪ್ಪು ಎಲ್ಲಿ, ನೂಲು ಎಲ್ಲಿ, ಕತ್ತರಿ ಯಾವ ಬದಿಗೆ ಎಂಬುದು ಒಮ್ಮೆ ನಿಂತರೆ ಮತ್ತೆ ಬದಲಾಗುವುದಿಲ್ಲ, ಟಿವಿ ನೋಡುತ್ತ ನೋಡುತ್ತ ಸಾವಿರ ಬೀಡಿ ಕಟ್ಟುವ ಕೈ ತಯಾರಾಗುವುದು ಹಾಗೆ ಎಂದು ಅವರೇ ನನಗೆ ಹಿಂದೊಮ್ಮೆ ಹೇಳಿದ್ದರು. ಅಂಥ ಕೈಗೆ ತನ್ನ ಮೇಲೆಯೇ ಅನುಮಾನ ಹುಟ್ಟುವ ಹಾಗೆ ಮಾಡಿದ್ದನ್ನು ನಾನು ಸುಮ್ಮನೆ ನುಂಗಿಕೊಳ್ಳಲಾರೆ. ತಪ್ಪು ಒಂದೇ ಕಂಪನಿಯದಲ್ಲ. ಎಲ್ಲ ಕಡೆಯೂ ಇದೇ ನಡೆದಿರುವುದರಿಂದ ಒಬ್ಬರ ಮೇಲೆ ಬೊಟ್ಟು ಮಾಡಿ ಪ್ರಯೋಜನವಿಲ್ಲ.

ನಾನು ಈ ಕಸುಬಿಗೆ ಬಂದದ್ದು, ಸೀಸದ ಅಕ್ಷರಗಳನ್ನು ಕೈಯಿಂದ ಜೋಡಿಸಿ ಮುದ್ರಿಸುತ್ತಿದ್ದ ಅಚ್ಚುಮೊಳೆಯ ಕಾಲದ ಕೊನೆಯಲ್ಲಿ. ಹೊಸ ಹುಡುಗರಿಗೆ ಮೊದಲು ಕೊಡುತ್ತಿದ್ದ ಕೆಲಸ ಮೊಳೆ ಜೋಡಿಸುವುದಲ್ಲ. ಮುದ್ರಣ ಮುಗಿದ ಮೊಳೆಗಳನ್ನು ತೊಳೆದು ಪೆಟ್ಟಿಗೆಯ ಗೂಡುಗಳಿಗೆ ಹಿಂದಕ್ಕೆ ಹಾಕುವುದು. ಕ ಎಲ್ಲಿ, ಕಾ ಎಲ್ಲಿ, ಕಿ ಎಲ್ಲಿ, ಒತ್ತಕ್ಷರಗಳ ಸಾಲು ಎಲ್ಲಿ, ಖಾಲಿ ಜಾಗದ ಸೀಸದ ತುಂಡು ಎಲ್ಲಿ. ಇಂಗ್ಲಿಷಿನ ಪೆಟ್ಟಿಗೆ ನಮ್ಮದರ ಮುಂದೆ ಮಕ್ಕಳಾಟ. ಆರು ತಿಂಗಳು ಬರೀ ಹಿಂದಕ್ಕೆ ಹಾಕಿ ಹಾಕಿ ಆ ನಕಾಶೆ ತೋಳಿಗೆ ಇಳಿಯುತ್ತಿತ್ತು. ಆಮೇಲೆ ಕಣ್ಣು ಹಸ್ತಪ್ರತಿಯ ಮೇಲಿದ್ದರೆ ಸಾಕು, ಕೈ ತಾನಾಗಿ ಗೂಡಿಗೆ ಹೋಗುತ್ತಿತ್ತು.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಕನ್ನಡದ ಅಷ್ಟೂ ಪದಗಳು, ಇಂಗ್ಲಿಷ್ ಅರ್ಥಗಳು, ಎಲ್ಲ ಒಂದೇ ಪುಟದಲ್ಲಿ. ಅದನ್ನು ಜೋಡಿಸಿದವರ ಕೈಗಳನ್ನು ನಾನು ಆಗಾಗ ನೆನೆಯುತ್ತೇನೆ. ಒಂದು ಬೆಳಿಗ್ಗೆ ಅವರು ಬಂದು ನೋಡುವಾಗ, ಪೆಟ್ಟಿಗೆ ಚೆಂದ ಕಾಣಲಿ ಎಂದು ಯಾರೋ ಗೂಡುಗಳನ್ನೆಲ್ಲ ಅದಲುಬದಲು ಮಾಡಿದ್ದರೆ ಆ ನಿಘಂಟು ಏನಾಗುತ್ತಿತ್ತು?

ಕಂಪ್ಯೂಟರಿನಲ್ಲಿ ಇದು ನಡೆದಿದೆ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಪರದೆಯ ಎಡಗಡೆಯ ಕೆಳಮೂಲೆಗೆ ಸ್ಟಾರ್ಟ್ ಗುಂಡಿಯನ್ನು ತಂದಿತು. ಮುಂದಿನ ಹದಿನೇಳು ವರ್ಷ ಅದು ಅಲ್ಲಿಯೇ ಇತ್ತು. ನಮ್ಮಲ್ಲಿ ಇಂಗ್ಲಿಷ್ ಬಾರದವರೂ ಆ ಮೂಲೆಯಿಂದ ಕೆಲಸ ಕಲಿತರು. 2012ರ ವಿಂಡೋಸ್ 8 ಅದನ್ನು ಕಿತ್ತುಹಾಕಿ ಪರದೆಯ ತುಂಬ ಬಣ್ಣದ ಚೌಕಗಳನ್ನು ಹರಡಿತು, ಬೆರಳಿನಿಂದ ಮುಟ್ಟುವವರಿಗಾಗಿ. ನಮ್ಮ ಮೇಜುಗಳ ಮೇಲೆ ಮುಟ್ಟುವ ಪರದೆ ಎಲ್ಲಿತ್ತು? ಜನ ಗಲಾಟೆ ಮಾಡಿದ ಮೇಲೆ ಮರುವರ್ಷ 8.1ರಲ್ಲಿ ಗುಂಡಿ ಬಂತು, 2015ರ ವಿಂಡೋಸ್ 10ರಲ್ಲಿ ಪೂರ್ತಿ ಮೆನು ಬಂತು. 2021ರ ವಿಂಡೋಸ್ 11ರಲ್ಲಿ ಅದೇ ಗುಂಡಿ ಮಧ್ಯಕ್ಕೆ ಸರಿಯಿತು. ಬಲ ಕ್ಲಿಕ್ ಮಾಡಿದರೆ ಬರುವ ಪಟ್ಟಿಯಲ್ಲಿ ಕಟ್, ಕಾಪಿ ಎಂಬ ಪದಗಳು ಹೋಗಿ ಸಣ್ಣ ಚಿತ್ರಗಳಾದವು, ಹಳೆಯ ಪಟ್ಟಿ ಬೇಕಿದ್ದರೆ ಇನ್ನೊಂದು ಕ್ಲಿಕ್. (ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಹಳೆಯ ಪಟ್ಟಿ ನೇರ ಬರುತ್ತದೆ. ಬೇಕಾದವರು ಬರೆದಿಟ್ಟುಕೊಳ್ಳಿ.) ದಿನಕ್ಕೆ ಮುನ್ನೂರು ಸಲ ಬಲ ಕ್ಲಿಕ್ ಮಾಡುವವರ ಕೈಗೆ ಆ ಇನ್ನೊಂದು ಕ್ಲಿಕ್ ಎಷ್ಟು ಭಾರ ಎಂದು ಲೆಕ್ಕ ಹಾಕಿದವರು ಯಾರು?

ಕನ್ನಡದವರಿಗೆ ಇನ್ನೊಂದು ಸಂಗತಿ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಕನ್ನಡದ ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟ್ ಎಂದರೆ ತುಂಗಾ. ಸರ್ಕಾರಿ ಪತ್ರಗಳಿಂದ ಶಾಲೆಯ ಪ್ರಶ್ನೆಪತ್ರಿಕೆಯವರೆಗೆ ಅದರಲ್ಲೇ ಬರೆದಿಟ್ಟವರು ಎಷ್ಟೋ ಜನ. ವಿಂಡೋಸ್ 10ರಲ್ಲಿ ಅದು ಕೇಳಿದವರಿಗೆ ಮಾತ್ರ ಸಿಗುವ ಹೆಚ್ಚುವರಿ ಫಾಂಟ್ ಆಯಿತು. ಕೇಳುವುದು ಎಲ್ಲಿ ಎಂದು ಗೊತ್ತಿದ್ದವರಿಗೆ ತೊಂದರೆಯಿಲ್ಲ. ಗೊತ್ತಿಲ್ಲದ ಶಾಲಾ ಗುಮಾಸ್ತರಿಗೆ ತಮ್ಮ ಹಳೆಯ ಕಡತದ ಸಾಲುಗಳು ಯಾಕೆ ಕದಲಿವೆ ಎಂದು ಹೇಳುವವರಿಲ್ಲ.

ಬೇರೆಯವರು ಮೇಲು ಎಂದುಕೊಳ್ಳಬೇಡಿ. ಆಪಲ್ ಕಂಪನಿಯ ಮ್ಯಾಕ್‌ನಲ್ಲಿ ವರ್ಷಗಟ್ಟಲೆ ಇದ್ದ ಹೊಂದಾಣಿಕೆಗಳ ಕಿಟಕಿಯನ್ನು 2022ರ ವೆಂಚುರಾ ಆವೃತ್ತಿಯಲ್ಲಿ ತೆಗೆದು ಐಫೋನಿನ ಪಟ್ಟಿಯ ಹಾಗೆ ಮಾಡಿದರು. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್‌ನಲ್ಲಿ 2011ರಲ್ಲಿ ಗ್ನೋಮ್ 3 ಎಂಬ ಹೊಸ ಪರದೆ ವಿನ್ಯಾಸ ಬಂದಾಗ ಲಿನಕ್ಸನ್ನು ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಅವರೇ ಬಹಿರಂಗವಾಗಿ ಸಿಟ್ಟಾಗಿ ಬೇರೆ ಡೆಸ್ಕ್‌ಟಾಪಿಗೆ ಹೋದರು. ಅವರಿಗೇ ಹಾಗಾದರೆ ಅಕ್ಕನಿಗೆ ಗಾಬರಿಯಾದದ್ದರಲ್ಲಿ ಏನು ತಪ್ಪು?

ಈ ಬದಲಾವಣೆಗಳೆಲ್ಲ ಫೋನಿನ ಕಡೆ ನೋಡಿಕೊಂಡು ಆದವು. ಫೋನ್ ಬಂದ ಮೇಲೆ ಡೆಸ್ಕ್‌ಟಾಪಿನ ಮುಂದಿನಿಂದ ಯಾರು ಎದ್ದು ಹೋದರು, ಯಾರು ಉಳಿದರು ಎಂದು ಯೋಚಿಸಿ. ಇಪ್ಪತ್ತು ವರ್ಷದ ಹಿಂದೆ ಪಿಯುಸಿ ಫಲಿತಾಂಶದ ದಿನ ಉಡುಪಿ, ಮಣಿಪಾಲದ ಸೈಬರ್ ಕೆಫೆಗಳ ಮುಂದೆ ಮಕ್ಕಳು, ತಂದೆತಾಯಿಗಳು ಸಾಲು ನಿಲ್ಲುತ್ತಿದ್ದರು. ಬಸ್ ಟಿಕೆಟಿಗೆ, ಗಲ್ಫಿನಲ್ಲಿರುವ ಮಗನ ಈಮೇಲ್ ಓದಿಸಿಕೊಳ್ಳಲು, ಬಯೋಡೇಟಾ ಮಾಡಿಸಲು ನನ್ನಲ್ಲಿಗೂ ಬರುತ್ತಿದ್ದರು. ಅವರ್ಯಾರೂ ಈಗ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಎಲ್ಲವೂ ಕಿಸೆಯಲ್ಲಿದೆ. ಅದು ಒಳ್ಳೆಯದೇ ಆಯಿತು. ದುಬೈಯಲ್ಲಿರುವ ಮೊಮ್ಮಗಳ ಮುಖವನ್ನು ಅಜ್ಜಿ ಕೈಯಲ್ಲಿ ಹಿಡಿದು ನೋಡುತ್ತಾರೆ ಎಂದರೆ ಅದಕ್ಕಿಂತ ಇನ್ನೇನು ಬೇಕು.

ಉಳಿದವರು ನಾವು. ಇನ್ನೂರು ಪುಟದ ಸ್ಮರಣ ಸಂಚಿಕೆ ಕಟ್ಟುವವರು, ಸಹಕಾರಿ ಸಂಘದ ಲೆಕ್ಕ ಬರೆಯುವವರು, ವಕೀಲರ ಕಚೇರಿಯಲ್ಲಿ ಕ್ರಯಪತ್ರ ಟೈಪ್ ಮಾಡುವವರು, ಕಟ್ಟಡದ ನಕ್ಷೆ ಬಿಡಿಸುವವರು, ಕಾಲೇಜಿನ ಪ್ರಬಂಧ ಬರೆಯುವವರು. ಸುಮ್ಮನೆ ನೋಡಿ ಹೋಗುವವರೆಲ್ಲ ಹೋದ ಮೇಲೆ ಡೆಸ್ಕ್‌ಟಾಪ್ ಎಂಬುದು ಬಡಗಿಯ ಮೇಜಿನ ಹಾಗೆ, ಕಮ್ಮಾರನ ಕುಲುಮೆಯ ಹಾಗೆ ಅಪ್ಪಟ ಕೆಲಸದ ಜಾಗವಾಯಿತು. ಹಾಗಾದರೆ ಅದು ಮೊದಲಿಗಿಂತ ಹೆಚ್ಚು ಸ್ಥಿರವಾಗಬೇಕಿತ್ತು. ಅಲ್ಲಿ ಕುಳಿತು ದಿನಕ್ಕೆ ಎಂಟು ಗಂಟೆ ದುಡಿಯುವವರನ್ನು ಕೇಳಬೇಕಿತ್ತು. ಅದರ ಬದಲು ಬಿಟ್ಟುಹೋದವರನ್ನು ಕರೆತರಲು ಅಂಗಳಕ್ಕೆ ಬಣ್ಣ ಬಳಿದರು.

ನನ್ನ ಅಂಗಡಿಗೆ ಬರುವ ಕಾಲೇಜು ಮಕ್ಕಳು ಜಾಣರು, ಫೋನಿನಲ್ಲಿ ವಿಡಿಯೋ ಕತ್ತರಿಸಿ ಹಾಡು ಸೇರಿಸುವುದನ್ನು ನನಗೆ ಕಲಿಸಿದವರು. ಆದರೆ “ಫೈಲ್ ಎಲ್ಲಿ ಇಟ್ಟಿದ್ದೀ ಮಗೂ?” ಎಂದರೆ “ಫೋನಿನಲ್ಲಿದೆ ಅಂಕಲ್” ಎನ್ನುತ್ತಾರೆ. ಫೋಲ್ಡರ್, ಅದರೊಳಗೆ ಇನ್ನೊಂದು ಫೋಲ್ಡರ್, ಅದಕ್ಕೊಂದು ಹೆಸರು, ಹೀಗೆ ಜೋಡಿಸಿಡುವ ವಿದ್ಯೆ ಅವರ ಕಣ್ಣಿಗೇ ಬಿದ್ದಿಲ್ಲ. ತಪ್ಪು ಅವರದಲ್ಲ. ಎಲ್ಲಿದೆ ಎಂದು ತೋರಿಸದೆ ‘ಹುಡುಕಿ’ ಎಂದು ಮಾತ್ರ ಹೇಳುವ ಪರದೆಗಳನ್ನು ಅವರ ಕೈಗೆ ಕೊಟ್ಟವರದ್ದು. ಈಗ ಡೆಸ್ಕ್‌ಟಾಪೂ ಆ ದಾರಿಗೆ ಬಿದ್ದರೆ ಈ ವಿದ್ಯೆಯನ್ನು ಕಲಿಯಲು ಅವರಿಗೆ ಜಾಗವೇ ಇರುವುದಿಲ್ಲ.

ಬದಲಾಗದೆ ಉಳಿದದ್ದು ಎಷ್ಟು ಕೆಲಸಕ್ಕೆ ಬಂತು ಎಂಬುದಕ್ಕೆ ನಮ್ಮ ಮನೆಯಂಗಳದ್ದೇ ಉದಾಹರಣೆ ಇದೆ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಕನ್ನಡಕ್ಕೆ ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ಇಂಗ್ಲಿಷಿನ ‘ಕೆ’ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ‘ಅಮ್ಮ’ ಎಂದು ಬರೆಯಲು ಎ, ಎಂ, ಎಫ್, ಎಂ. ಅಷ್ಟೇ. ನೂರಾರು ಮೊಳೆಗಳ ಪೆಟ್ಟಿಗೆಯನ್ನು ಅವರು ಇಪ್ಪತ್ತಾರು ಗುಂಡಿಗಳಿಗೆ ಇಳಿಸಿದರು. ರಾಜ್ಯ ಸರ್ಕಾರ ಅದನ್ನೇ ಒಪ್ಪಿಕೊಂಡಿತು, ನುಡಿ ತಂತ್ರಾಂಶ ಅದನ್ನೇ ತಾಲ್ಲೂಕು ಕಚೇರಿಗಳವರೆಗೆ ಒಯ್ದಿತು. ನನ್ನ ಅಂಗಡಿಯಲ್ಲಿ ವಿಂಡೋಸ್ 98ರಿಂದ ಇಂದಿನವರೆಗೆ ಎಷ್ಟೋ ಯಂತ್ರಗಳು ಬಂದು ಹೋದವು, ಎಫ್ ಮಾತ್ರ ಅಲ್ಲೇ ಇದೆ. ಆ ರಾತ್ರಿ ಎಲ್ಲ ಕಲಕಿಹೋಗಿದ್ದಾಗಲೂ ‘ಶ್ರೀಮತಿ’ ಎಂದು ಟೈಪ್ ಮಾಡುವಾಗ ಅಕ್ಕನ ಕೈ ಒಮ್ಮೆಯೂ ತಡೆಯಲಿಲ್ಲ. ಅವರಿಗೆ ಕೆಲಸ ಮರೆತಿಲ್ಲ ಎಂಬುದಕ್ಕೆ ನಾನು ತೋರಿಸಿದ ಸಾಕ್ಷಿ ಅದು.

ಅಪ್‌ಡೇಟೇ ಬೇಡ ಎನ್ನುವಷ್ಟು ಅವಿವೇಕಿ ನಾನಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ತೇಪೆ, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ಆದ್ದರಿಂದ ತೇಪೆ ಬೇಕು, ತಡಮಾಡದೆ ಬೇಕು. ನನ್ನ ಬೇಡಿಕೆ ಒಂದೇ: ಭದ್ರತೆಯ ತೇಪೆಯನ್ನೂ ಪರದೆಯ ಹೊಸ ಅಲಂಕಾರವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ತರಬೇಡಿ. ಬಾಗಿಲಿನ ಬೀಗ ಬದಲಿಸಲು ಬಂದವರು ಅಡುಗೆಮನೆಯನ್ನು ಹಿತ್ತಿಲಿಗೆ ಸಾಗಿಸಿ ಹೋದರೆ ಮುಂದಿನ ಸಲ ಅವರಿಗೆ ಬಾಗಿಲು ತೆರೆಯುವವರು ಯಾರು? ಜನ ಅಪ್‌ಡೇಟಿಗೆ ಹೆದರಿ ಮುಂದೂಡುವುದು ಸೋಮಾರಿತನದಿಂದ ಅಲ್ಲ, ನಾಳೆಯ ಕೆಲಸ ಕೆಟ್ಟೀತು ಎಂಬ ಭಯದಿಂದ. ಆ ಭಯವನ್ನು ಹುಟ್ಟಿಸಿದವರೇ ಅದರಿಂದಾಗುವ ಅಪಾಯಕ್ಕೂ ಹೊಣೆ.

ಹಳೆಯ ಯಂತ್ರಗಳ ಕಥೆ ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲದ ಅವಧಿ ಮುಗಿಯಿತು. 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಕಡಲಿನ ಉಪ್ಪುಗಾಳಿಯನ್ನೂ ಮೇ ತಿಂಗಳ ಸಿಡಿಲನ್ನೂ ತಾಳಿಕೊಂಡು ಬಂದ ಗಟ್ಟಿ ಕಂಪ್ಯೂಟರುಗಳು ಸಣ್ಣ ಅಂಗಡಿಗಳಲ್ಲಿ, ಹಳ್ಳಿಯ ಶಾಲೆಗಳಲ್ಲಿ ಇನ್ನೂ ಚೆನ್ನಾಗಿ ಓಡುತ್ತಿವೆ. ಅವನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ.

ಗ್ನೋಮ್ 3ರ ಗಲಾಟೆಯ ಹೊತ್ತಿನಲ್ಲಿ ಕೆಲವರು ಹಳೆಯ ಗ್ನೋಮ್ 2ನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಬೆಳೆಸಿದರು, ಇಂದಿಗೂ ಅದನ್ನು ನೋಡಿಕೊಳ್ಳುತ್ತಿದ್ದಾರೆ. ತೇಪೆಗಳು ಹೊಸವು, ಪರದೆ ಹಳೆಯದೇ. ಹಿಂಬದಿ ಕೋಣೆಯ ಒಂದು ಯಂತ್ರಕ್ಕೆ ಅದನ್ನು ಹಾಕಿ ಎರಡು ವಾರ ಆಯಿತು. ಅಕ್ಕ ಅರ್ಧ ದಿನದಲ್ಲಿ ಹೊಂದಿಕೊಂಡರು. ಕಷ್ಟ ಇರುವುದು ಪುಟ ಜೋಡಿಸುವ ತಂತ್ರಾಂಶವಾದ ನನ್ನ ಹಳೆಯ ಪೇಜ್‌ಮೇಕರ್ ಕಡತಗಳದ್ದು. 2001ರ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಆದರೂ ಕರಾವಳಿಯ ಎಷ್ಟೋ ದೇವಸ್ಥಾನ, ಸಂಘಗಳ ಇಪ್ಪತ್ತು ವರ್ಷಗಳ ದಾಖಲೆ ಅದರಲ್ಲಿ, ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಕುಳಿತಿದೆ. ಈ ಕಡೆಯ ಡಿಟಿಪಿಯವರು ಯಾರಾದರೂ ಅಂಥ ಕಡತಗಳನ್ನು ಲಿನಕ್ಸ್‌ನಲ್ಲಿ ಸಾಲು ಕದಲದಂತೆ ತೆರೆದಿದ್ದರೆ ದಯವಿಟ್ಟು ನನಗೆ ತಿಳಿಸಿ. ಸಂಜೆ ಆರರ ಮೇಲೆ ನಾನೇ ನಿಮ್ಮಲ್ಲಿಗೆ ಬಂದು ಕಲಿಯುತ್ತೇನೆ.

ಅಲ್ಲಿಯವರೆಗೆ ಮುಂದಿನ ಕೋಣೆಯ ಯಂತ್ರದ ಇಂಟರ್ನೆಟ್ ತಂತಿಯನ್ನು ಕಿತ್ತಿಟ್ಟಿದ್ದೇನೆ. ಬ್ರಹ್ಮಕಲಶದ ಸ್ಮರಣ ಸಂಚಿಕೆ ಇನ್ನೂ ಅರುವತ್ತು ಪುಟ ಬಾಕಿ ಇದೆ.